ಏಣಿ ತೆಗೆದ ಅಟ್ಟ

ನಾನು ನಿಂತಿದ್ದದ್ದು ನಡುಮನೆಯ ಬಲಗಡೆಯ ಕಂಬದ ಪಕ್ಕ, ಅಟ್ಟದ ಬಾಯಿಗೆ ನೇರ ಕೆಳಗೆ. ಎಪ್ಪತ್ತರ ದಶಕದ ಕೊನೆಯ ಭಾಗ. ಆಷಾಢ ಕಳೆದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನ. ಊರು ಮಾಯಸಂದ್ರದ ಬಸ್ಸಿಳಿದು ನಡೆದು ಹೋಗುವಷ್ಟು ದೂರ. ನಾನು ಅಲ್ಲಿಗೆ ಹೆಣ್ಣು ನೋಡಲು ಹೋಗಿದ್ದೆ.

ಜೊತೆಯಲ್ಲಿ ನನ್ನ ತಾಯಿ ಇದ್ದರು, ಸಂಬಂಧ ತಂದಿದ್ದ ದೂರದ ಮಾವ ಇದ್ದರು. ನಾನು ಆಗ ತಿಪಟೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಕೆಲಸ ಸಿಕ್ಕಿತ್ತು, ಸೇರಿದ್ದೆ. ಇನ್ನು ಮದುವೆ ಎಂದರು, ಹೊರಟಿದ್ದೆ. ಎರಡರಲ್ಲಿ ಯಾವುದನ್ನೂ ನಾನು ಬೇಕೆಂದು ಬೇಡಿದ್ದಲ್ಲ, ಬೇಡವೆಂದು ಬಿಟ್ಟದ್ದೂ ಅಲ್ಲ.

ತೋಟವಿರುವ ನಮ್ಮ ಕಡೆಯ ಮನೆಗಳಲ್ಲಿ ಸುಲಿಯದ ಕಾಯಿಗಳನ್ನು ಅಟ್ಟದ ಮೇಲೆ ಹರಡಿ ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಕರಟದಿಂದ ಬಿಟ್ಟು, ಕಾಯೊಳಗೇ ಕೊಬ್ಬರಿಯಾಗುತ್ತದೆ. ಗಾಳಿ, ಹೊಗೆ ಆಡಲೆಂದು ಅಟ್ಟದ ನೆಲಕ್ಕೆ ಮರದ ರೀಪುಗಳನ್ನು ಸಂದು ಬಿಟ್ಟು ಜೋಡಿಸಿರುತ್ತಾರೆ. ಆ ಮನೆಯ ಅಟ್ಟ ಎರಡಾಳೆತ್ತರ ಇತ್ತು. ಕೆಳಗೆ ಕಲ್ಲುಚಪ್ಪಡಿ.

ಉಪ್ಪಿಟ್ಟು ತಂದುಕೊಟ್ಟವರು ಹುಡುಗಿಯ ಸೋದರತ್ತೆ. ಅವರ ಎಡಗಾಲಿಗೆ ಮೊಣಕಾಲಿನವರೆಗೆ ಬಟ್ಟೆ ಸುತ್ತಿತ್ತು, ಕುಂಟುತ್ತಿದ್ದರು. ಹುಡುಗಿಗೆ ತಾಯಿ ಇಲ್ಲವೆಂದೂ ಈ ಅತ್ತೆಯೇ ಸಾಕಿದವರೆಂದೂ ಮಾವ ಮೊದಲೇ ಹೇಳಿದ್ದರು. ನಾವು ತಿನ್ನುತ್ತಿದ್ದಾಗ ತಲೆಯ ಮೇಲೆ ಒಂದು ಕಾಯಿ ಉರುಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ರೀಪಿನ ಸಂದಿಯಿಂದ ನನ್ನ ತಟ್ಟೆಗೆ ಧೂಳು ಬಿತ್ತು. ತಾಯಿ ಮೇಲೆ ನೋಡಿ, ಇಲಿಯೋ ಎಂದರು.

"ಇಲಿ ಅಲ್ಲ ಕಣಕ್ಕ, ಹುಡುಗೀನೇ," ಎಂದರು ಮಾವ. "ಗಂಡು ಬರೋ ದಿನವೂ ಕೊಬ್ಬರಿ ನೋಡ್ಕೋತಾವ್ಳೆ. ಇಂಥ ಸೊಸೆ ನಿನಗೆ ಇನ್ನೆಲ್ಲಿ ಸಿಕ್ತಾಳೆ?"

ನನ್ನ ತಾಯಿಗೆ ನಿಜಕ್ಕೂ ಸಂತೋಷವಾಯಿತು. ಕೆಲಸ ಆಮೇಲೆ ಮಾಡಿಕೊಳ್ಳಲಿ, ಇಳಿದು ಬರಲಿ ಎಂದರು. ಯಾರೂ ಏಳಲಿಲ್ಲ. ನಾನು ಕೈ ತೊಳೆಯಲು ಎದ್ದು ಕಂಬದ ಹತ್ತಿರ ಬಂದೆ. ಆಗ ನೋಡಿದೆ: ಅಟ್ಟದ ಬಾಯಿಗೆ ಏಣಿ ಇರಲಿಲ್ಲ. ಗೋಡೆಯ ಮೇಲೆ ಏಣಿ ಒರಗಿಸಿ ಒರಗಿಸಿ ಸವೆದ ಎರಡು ಗುರುತು ಮಾತ್ರ ಇದ್ದವು. ಪಕ್ಕದಲ್ಲಿ ಕಾಯಿ ಕೀಳುವ ದೋಟಿ. ಅದರ ತುದಿಗೆ, ಮೇಲಕ್ಕೆ ಬುತ್ತಿ ಕಟ್ಟಿ ಏರಿಸಿದ ಬಟ್ಟೆ ಇನ್ನೂ ನೇತಾಡುತ್ತಿತ್ತು.

ಏಣಿ ಎಲ್ಲಿ ಎಂದು ಕೇಳಿದೆ. ಹುಡುಗಿಯ ತಂದೆ ಸುಳ್ಳು ಹೇಳಲಿಲ್ಲ. ಅದನ್ನು ನಾನು ಅವರ ಪರವಾಗಿ ಬರೆಯಬೇಕು. ಮಗಳಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಜಾಗ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ, ಎಂದರೆ ಮಾರನೆಯ ದಿನವೇ, ಹಾಜರಾಗಬೇಕು. ಅವರಿಗೆ ಅದು ಬೇಡ. ಕಂಡವರ ಮಲ ಮೂತ್ರ ಬಾಚುವ ಕೆಲಸಕ್ಕೆ ಹೋದವಳನ್ನು ನಾಳೆ ಯಾವ ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆ ಎಂದು ಕೇಳಿದರು. ನಾವು ಬರುವ ಸುದ್ದಿ ತಿಳಿದು ಅವಳು ಶನಿವಾರ ತಾನಾಗಿಯೇ ಅಟ್ಟ ಹತ್ತಿದ್ದಳು, ಅಲಂಕಾರ ಮಾಡಿಕೊಂಡು ಬಂದು ಕೂರುವುದಿಲ್ಲ ಎಂದು. ಇವರು ಏಣಿ ತೆಗೆದು ತೋಟಕ್ಕೆ ಸಾಗಿಸಿದರು. ಒಪ್ಪಿದ ದಿನ ಇಳಿಯಲಿ ಎಂದು.

ಆಗ ಮೇಲಿನಿಂದ ಮಾತು ಬಂತು. ಜೋರಾಗಿ ಅಲ್ಲ.

"ರೀ, ಬಂದಿರೋರೇ. ನಿಮ್ಮ ಮೇಲೆ ನನಗೆ ಸಿಟ್ಟೇನೂ ಇಲ್ಲ. ನಿಮ್ಮನ್ನ ಸರಿಯಾಗಿ ನೋಡೇ ಇಲ್ಲ. ಸಾಯಂಕಾಲದ ಬಸ್ಸು ಸಿಕ್ಕಿದ್ರೆ ತಿಪಟೂರಲ್ಲಿ ರೈಲು ಹಿಡೀಬೋದು. ಏಣಿ ಹಾಕಿ ಅಂತ ಅಪ್ಪಯ್ಯನಿಗೆ ಒಂದು ಮಾತು ಹೇಳ್ತೀರಾ?"

ಹೇಳಿದೆ. ಏಣಿ ತರಿಸಿ ಎಂದು ಅವರ ಮುಖ ನೋಡಿಕೊಂಡೇ ಹೇಳಿದೆ. ಅವರು ಟವೆಲಿನಿಂದ ಬಾಯಿ ಒರೆಸಿಕೊಂಡರು.

"ಒಪ್ಪಿಗೆ ಅಂತ ಅನ್ನಿ ಸ್ವಾಮಿ, ಈಗ್ಲೇ ತರಿಸ್ತೀನಿ. ನಿಮ್ಮನೆ ಹೆಣ್ಣಾದ್ರೆ ನೀವು ಬಸ್ಸಿಗಾದ್ರೂ ಹತ್ತಿಸಿ, ರೈಲಿಗಾದ್ರೂ ಹತ್ತಿಸಿ. ಅಲ್ಲೀಗಂಟ ಇದು ನಮ್ಮನೆ ಅಟ್ಟ."

ನನ್ನ ತಾಯಿ ಚೀಲ ಎತ್ತಿಕೊಂಡು ಜಗಲಿಗೆ ಹೋಗಿಬಿಟ್ಟರು. ನಾನು ತಲೆ ಎತ್ತಿದೆ. ರೀಪಿನ ಸಂದಿಯಲ್ಲಿ ಹಸಿರು ಸೀರೆಯ ಒಂದು ತುಣುಕು ಮತ್ತು ಕತ್ತಲು, ಅಷ್ಟೇ ಕಂಡದ್ದು. ಒಪ್ಪಿದ್ದೇನೆ ಎಂದು ಸುಮ್ಮನೆ ಹೇಳಿಬಿಡಲೇ, ಆಮೇಲೆ ಇಲ್ಲವೆಂದರಾಯಿತು ಎಂದು ಮೇಲಿದ್ದವರನ್ನು ಕೇಳಿದೆ. ಅವರ ತಂದೆ ಅಲ್ಲೇ ಇದ್ದರು. ಗುಟ್ಟಾಗಿ ಕೇಳಲು ಜಾಗವಿರಲಿಲ್ಲ.

ಮೇಲೆ ಕಾಯಿಗಳು ಸರಿದು, ಅವರು ಸಂದಿಯ ಹತ್ತಿರ ಬಂದರು.

"ಬ್ಯಾಡಿ," ಎಂದರು. "ಸುಳ್ಳು ಒಪ್ಪಿಗೆ ಹೇಳಿ ಇಳಿಯೋ ಹಂಗಿದ್ರೆ ನಿನ್ನೇನೇ ಇಳೀತಿದ್ದೆ. ರೋಗದೋರು ನೋವಾಗುತ್ತಾ ಅಂತ ಕೇಳ್ತಾರೆ. ಅವರಿಗೆ ಇರೋದನ್ನ ಇದ್ದಂಗೆ ಹೇಳೋಕೆ ಹೋಗೋಳು ನಾನು. ಸುಳ್ಳು ಹೇಳಿ ಹೋದ್ರೆ ಏನು ಬಂತು?"

ಸೋದರತ್ತೆ ಕಂಬ ಹಿಡಿದುಕೊಂಡು ಕೂತರು. "ನನ್ನ ಕಾಲಿನ ಹುಣ್ಣಿಂದ ಇಷ್ಟೆಲ್ಲ ಆಯ್ತು ಕಣಪ್ಪ," ಎಂದರು ನನಗೆ. ಎರಡು ವರ್ಷದಿಂದ ಆ ಹುಣ್ಣನ್ನು ತೊಳೆದು ಕಟ್ಟುತ್ತಿದ್ದವಳು ಹುಡುಗಿ. ಮಾಯಸಂದ್ರಕ್ಕೆ ಬರುತ್ತಿದ್ದ ಒಬ್ಬ ನರ್ಸಮ್ಮನನ್ನು ನೋಡಿ ಕಲಿತದ್ದಂತೆ. ವಾಸನೆಗೆ ಮನೆಯವರೆಲ್ಲ ದೂರ ಕೂರುತ್ತಿದ್ದಾಗ ಅವಳಿಗೆ ತಾನು ಮಾಡಬೇಕಾದ್ದು ಏನೆಂದು ಗೊತ್ತಾಗಿತ್ತು.

ನಾನು ಹೊರಗೆ ಬಂದೆ. ಕಾಯಿ ಇಡುವ ಊರು, ಪ್ರತಿ ಮನೆಯಲ್ಲೂ ಏಣಿ ಇದೆ. ಪಕ್ಕದ ಮನೆಯಲ್ಲಿ ಕೇಳಿದೆ. ಅವರಿಗೆ ವಿಷಯ ಗೊತ್ತಿತ್ತು. ಅವರ ಮನೆ ಮಾತು, ನಮಗೆ ಬೇಡ ಎಂದರು. ಎದುರು ಮನೆಯ ಮುದುಕರು ಮಾತ್ರ ನನ್ನನ್ನು ಕೂರಿಸಿ, ನೀರು ಕೊಟ್ಟು ಹೇಳಿದರು: "ಏಣಿ ಕೊಡ್ಬೋದು ಕಣಪ್ಪ. ನೀನು ಬಸ್ಸು ಹತ್ತಿ ಹೋಯ್ತೀಯ. ನಾವು ಬೆಳಗಾದ್ರೆ ಅವನ ಮಕ ಹೆಂಗೆ ನೋಡೋದು?" ಅವರ ಗೋಡೆಗೆ ಒರಗಿಸಿದ್ದ ಏಣಿ ನನ್ನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ನಾನೊಬ್ಬನೇ ಎತ್ತಿ ನೋಡಿದೆ. ಗುಮಾಸ್ತನ ತೋಳಿಗೆ ಅದು ಏಳಲಿಲ್ಲ. ಮಾವನನ್ನು ಕರೆದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಮತ್ತೆ ಆ ಮನೆಗೆ ಹೋಗಿ, ಆಗಲಿಲ್ಲ ಎಂದು ಅಟ್ಟದ ಕೆಳಗೆ ನಿಂತು ಹೇಳಿದೆ. "ಆಗ್ಲಿ ಬುಡಿ, ನೀವು ಹೊರಡಿ," ಎಂದರು ಮೇಲಿನಿಂದ. ಸಾಯಂಕಾಲದ ಬಸ್ಸಿನಲ್ಲಿ ನಾವು ಮೂವರು ಬಂದೆವು. ನನ್ನ ಪಕ್ಕದ ಸೀಟು ಖಾಲಿ ಇತ್ತು.

ಒಂದು ವರ್ಷ ಹೆಣ್ಣು ನೋಡುವ ಮಾತು ಬೇಡ ಎಂದು ತಾಯಿಗೆ ಹೇಳಿದೆ. ಮತ್ತೆ ಏನು ಮಾಡ್ತೀಯ ಎಂದು ಅವರು ಕೇಳಿದರು. ಸಿಟ್ಟಿನಿಂದಲ್ಲ, ತಿಳಿಯಲೆಂದೇ ಕೇಳಿದ್ದು. ಅದಕ್ಕೆ ಉತ್ತರ ಅಟ್ಟದ ಮೇಲೆ ಕೂತವರಲ್ಲಿ ಇತ್ತು. ಓಡಾಡಲು ಬಸ್ಸು, ರೈಲು, ಊರು ಎಲ್ಲ ಇದ್ದ ನನಗೆ ಹೋಗಬೇಕಾದ ಜಾಗ ಒಂದೂ ಇರಲಿಲ್ಲ. ಕಚೇರಿಯಲ್ಲಿ ಎಷ್ಟೋ ದಿನ ಅದನ್ನೇ ಯೋಚಿಸುತ್ತ ಕೂತಿದ್ದೇನೆ. ಇವತ್ತಿಗೂ ಅದು ಬಗೆಹರಿದಿದೆ ಎಂದು ಹೇಳಲಾರೆ.

ಉಳಿದದ್ದನ್ನು ಸೋದರತ್ತೆ ವರ್ಷಗಳ ಮೇಲೆ ತಿಪಟೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದರು. ಗುರುತು ಹಿಡಿದವರು ಅವರೇ. ಏಣಿಯನ್ನು ಮಂಗಳವಾರ ಬೆಳಿಗ್ಗೆ ಹಾಕಿದರಂತೆ, ಸೋಮವಾರ ಕಳೆದ ಮೇಲೆ. ತಂದೆಯೇ ಹೊತ್ತು ತಂದು ತಾವೇ ಹಿಡಿದುಕೊಂಡು ನಿಂತರಂತೆ.

"ಇಳಿದು ಬಂದೋಳು ಅಳ್ಲಿಲ್ಲ, ಬೈಲಿಲ್ಲ ಕಣಪ್ಪ. ಬಿಸಿನೀರು ಕಾಯ್ಸು ಅತ್ತೆ, ಮೂರು ದಿವ್ಸದಿಂದ ನಿನ್ನ ಕಾಲಿನ ಬಟ್ಟೆ ಬದಲಾಯ್ಸಿಲ್ಲ ಅಂದ್ಲು."

ಜಾಗ ಬೇರೆ ಯಾರಿಗೋ ಹೋಯಿತು. ಮುಂದಿನ ವರ್ಷ ಕರೆ ಬರಲಿಲ್ಲ. ಆಮೇಲೆ ಚಿಕ್ಕನಾಯಕನಹಳ್ಳಿ ಕಡೆ ಮದುವೆ ಮಾಡಿದರು. ಹೇಗಿದ್ದಾರೆ ಎಂದು ಕೇಳಿದೆ. ಇದ್ದಾಳೆ ಎಂದರು.

ಆ ದಿನ ಆ ನಡುಮನೆಯಲ್ಲಿದ್ದವರಲ್ಲಿ ನನ್ನ ತಾಯಿ ಈಗಿಲ್ಲ, ಮಾವ ಇಲ್ಲ, ಹುಡುಗಿಯ ತಂದೆಯೂ ಇಲ್ಲ. ಎದುರು ಮನೆಯ ಮುದುಕರೂ ತೀರಿಕೊಂಡರು. ಕೆಳಗೆ ನಿಂತು ನೋಡಿದವರಲ್ಲಿ ಉಳಿದವರು ಸೋದರತ್ತೆ ಮತ್ತು ನಾನು. ಅವರ ಕಾಲು ವಾಸಿಯಾಗಿದೆ. ಮೇಲಿನಿಂದ ನೋಡಿದವರು ಒಬ್ಬರೇ. ರೀಪಿನ ಸಂದಿಯಿಂದ ಅವರಿಗೆ ಕಂಡದ್ದು ನಮ್ಮ ನೆತ್ತಿಗಳು. ಅವರೂ ಇದ್ದಾರೆ.