ತಂಗಡಿಯ ಬುಡ ಕಾದವರು

ಅವರ ಎರಡು ಹೆಬ್ಬೆರಳುಗಳೂ ಕಾಚು ಬಳಿದಂತೆ ಕೆಂಪಗಿದ್ದವು. ತಂಗಡಿ ಗಿಡದ ತೊಗಟೆ ಸುಲಿದು ಸುಲಿದು ಹತ್ತಿದ ಆ ಬಣ್ಣ ಸೀಗೆಗೂ ಬಿಡುತ್ತಿರಲಿಲ್ಲ. ಬೈರಕೂರಿನ ಆಚೆಯ ಗುಡ್ಡದಲ್ಲಿ ತೊಗಟೆ ಕೂಡಿಸಿ, ಚರ್ಮ ಹದಮಾಡುವವರಿಗೆ ಮಾರುವುದು ಅವರ ಕಸುಬು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು; ಅಲ್ಲಿನ ಶಾಲೆಗೆ ಮೇಷ್ಟರಾಗಿ ಹೋದ ನಾನೂ ಹಾಗೆಯೇ ಕರೆದೆ.

ಚಾಚಾ ಕೊಂಬೆಯನ್ನು ನೆಲದಿಂದ ಒಂದು ಗೇಣು ಬಿಟ್ಟೇ ಕತ್ತರಿಸುತ್ತಿದ್ದರು. ಮಳೆ ಬಿದ್ದೊಡನೆ ಬುಡ ಮತ್ತೆ ಚಿಗುರುತ್ತಿತ್ತು. ನಡೆಯುವಾಗ, ಹಕ್ಕಿಗಳು ಬಿತ್ತಿದ ಲಂಟಾನ ಕಳೆಯ ಸಸಿ ಕಂಡರೆ ಬಗ್ಗಿ ಕಿತ್ತು ಬಂಡೆಯ ಮೇಲೆ ಎಸೆಯುತ್ತಿದ್ದರು. ಏಕೆಂದು ನಾನು ಒಮ್ಮೆಯೂ ಕೇಳಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಸುಲಿದ ಬೋಳು ಕಡ್ಡಿಗಳ ರಾಶಿ ಮಾತ್ರ. ಹೊಸ ಶಿಕ್ಷಣದ ಹುಮ್ಮಸ್ಸಿನಲ್ಲಿ, ತೊಗಟೆಯವರು ಗುಡ್ಡವನ್ನು ಹಾಳುಗೆಡಹುತ್ತಿದ್ದಾರೆಂದು ಅರಣ್ಯ ಕಚೇರಿಗೆ ಅರ್ಜಿ ಬರೆದೆ. ವಿಚಾರಣೆಯೇ ಇಲ್ಲದೆ ಚಾಚಾರ ಪರವಾನಗಿ ರದ್ದಾಯಿತು.

“ಏನ್ ಮೇಷ್ಟ್ರೇ, ಮಕ್ಕಳಿಗೆ ಬೆತ್ತ, ನಮಗೆ ಅರ್ಜಿನಾ?” ಎಂದು ಚಾಚಾ ನಕ್ಕರು. ಆಮೇಲೆ ಜಟಕಾ ಕುದುರೆಗಳಿಗೆ ಹುಲ್ಲು ಹೊತ್ತು ಬದುಕಿದರು.

ಮಹಾಯುದ್ಧ ಬಂತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡತೊಡಗಿದವು. ಹೇಳುವವರು ಕೇಳುವವರಿಲ್ಲದ ಗುಡ್ಡಕ್ಕೆ ಕಂಟ್ರಾಕ್ಟರನೊಬ್ಬ ನುಗ್ಗಿದ. ಮರ ಕಡಿದದ್ದು ಸಾಲದೆಂದು ತಂಗಡಿಯಂಥ ಪೊದೆಗಳನ್ನೂ ಬೇರುಸಹಿತ ಅಗೆಸಿ ಇದ್ದಿಲಿಗಾಗಿ ಸುಟ್ಟ. ಕಚೇರಿ ಸುಮ್ಮನಿತ್ತು. ಕೆಲವೇ ಮಳೆಗಾಲಗಳಲ್ಲಿ ಗುಡ್ಡವೆಲ್ಲ ಲಂಟಾನ: ಅದಕ್ಕೆ ಕುರಿ ಬಾಯಿಡದು, ಅದರಡಿಯಲ್ಲಿ ಹುಲ್ಲು ಹುಟ್ಟದು.

ಚಾಚಾ ನನ್ನನ್ನು ಅಲ್ಲಿಗೆ ಕರೆದೊಯ್ದರು.

“ಈ ಲಂಟಾನ ನಮ್ಮಪ್ಪನ ಕಾಲದಿಂದ ಬೇಲೀಲಿ ಐತೆ. ಒಳಕ್ಕೆ ಬಂದಿತ್ತಾ? ತಂಗಡಿ ಬುಡ ಗಟ್ಟಿಯಾಗಿ ಕೂತಿದ್ದಾಗ ಇದಕ್ಕೆ ಜಾಗ ಎಲ್ಲಿತ್ತು? ಮನೆಯೋರನ್ನ ಆಚೆಗೆ ಹಾಕಿ ಬಾಗಿಲು ತೆಗೆದಿಟ್ರೆ, ಬಂದೋನು ಕೂತ್ಕೊಳ್ದೆ ಇರ್ತಾನಾ?”

“ನನ್ನಿಂದ ತಪ್ಪಾಯ್ತು, ಚಾಚಾ.”

“ನೀವು ಕೆಟ್ಟೋರಲ್ಲ ಬಿಡಿ ಮೇಷ್ಟ್ರೇ. ಬರೆಯೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬೇಕಿತ್ತು.”

ಇಬ್ಬರೂ ಸೇರಿ ಒಂದು ಕಣದಷ್ಟು ಜಾಗದಲ್ಲಿ ಲಂಟಾನ ಕಿತ್ತು ತಂಗಡಿಯ ಬೀಜ ಬಿತ್ತಿದೆವು. ಸಸಿಗಳು ಎದ್ದವು. ಆದರೆ ಸುತ್ತಲಿಂದ ಲಂಟಾನ ಬಾಗಿ ಬಿಸಿಲು ಮರೆಮಾಡುತ್ತಿತ್ತು. ಚಾಚಾ ದಿನವೂ ಹೋಗಿ ಅದನ್ನು ಕಡಿಯುತ್ತಿದ್ದರು, ಎದೆನೋವಿನಿಂದ ಹಾಸಿಗೆ ಹಿಡಿಯುವವರೆಗೆ. ಆ ಮಳೆಗಾಲದಲ್ಲೇ ತೀರಿಕೊಂಡರು. ಮಣ್ಣುಕೊಟ್ಟು ಬಂದ ಮರುವಾರ ನಾನು ಗುಡ್ಡ ಹತ್ತಿದೆ. ನಾವು ಬಿತ್ತಿದ ಜಾಗ ಯಾವುದೆಂದು ಗುರುತಿಸಲಾಗಲಿಲ್ಲ.

ಅಂದಿನಿಂದ ಎಷ್ಟೋ ಸಭೆಗಳಲ್ಲಿ ಆ ಗುಡ್ಡದ ಕಥೆ ಹೇಳಿದ್ದೇನೆ. ಕಂಟ್ರಾಕ್ಟರನ ದುರಾಸೆ, ಕಚೇರಿಯ ಅಲಕ್ಷ್ಯ, ಯುದ್ಧದ ಹಸಿವು, ಒಂದನ್ನೂ ಬಿಟ್ಟಿಲ್ಲ. ನನ್ನ ಅರ್ಜಿಯ ಮಾತನ್ನು ಮಾತ್ರ ಎಲ್ಲಿಯೂ ಆಡಿರಲಿಲ್ಲ. ಆ ಗುಡ್ಡದಿಂದ ಮೊದಲು ಕಿತ್ತುಹಾಕಿದ್ದು ತಂಗಡಿಯನ್ನಲ್ಲ, ಚಾಚಾರನ್ನು. ಕಿತ್ತವನು ನಾನು.