ಕೀಸದೆ ಬಿಟ್ಟ ಜಾಗ

ಹೊಸ ಬಾಗಿಲು ಮಾಡಿಕೊಂಡಿದ್ದ ನನ್ನನ್ನು ಹಳೆ ಕುರ್ಚಿಗಳ ಪಾಲು ಮಾಡಿದ್ದು ಫೈಬರ್ ಬಾಗಿಲು. ಅಂಗಡಿಯಲ್ಲಿ ಅದು ಸಿದ್ಧವಾಗಿ ನಿಂತಿರುವಾಗ ಆಚಾರಿಯನ್ನು ಕೇಳುವವರು ಯಾರು? ಕೆಲಸವಿಲ್ಲದೆ ಕೂತಿದ್ದಾಗ ಕುಂಭಾಶಿ ಹತ್ತಿರದ ಹಳೆ ಸಾಮಾನಿನ ಅಂಗಡಿಯವರೊಬ್ಬರು ಕರೆದರು. ಕೆಡವಿದ ಮನೆಗಳ ಮಂಚ, ಪೆಟ್ಟಿಗೆ, ಆರಾಮ ಕುರ್ಚಿ ತಂದು, ರಿಪೇರಿ ಮಾಡಿಸಿ ರೆಸಾರ್ಟಿನವರಿಗೆ ಮಾರುತ್ತಿದ್ದರು. ಮನೆಯಲ್ಲಿದ್ದಾಗ ಯಾರಿಗೂ ಬೇಡವಾಗಿದ್ದ ಕುರ್ಚಿಯನ್ನು ಅಲ್ಲಿಗೆ ಬಂದವರು ಸವರಿ ಸವರಿ ನೋಡುತ್ತಿದ್ದರು. ಸತ್ತ ಎಮ್ಮೆಗೆ ಸೇರು ಹಾಲು!

ಅಪ್ಪಯ್ಯನೂ ಆಚಾರಿ. ನನಗೆ ಉಳಿ ಹಿಡಿಯಲು ಕಲಿಸಿದ್ದು ಅವರೇ. ಆದರೆ ನನ್ನ ಕೆಲಸ ಚೆನ್ನಾಗಿದೆ ಎಂಬ ಒಂದು ಮಾತು ಅವರ ಬಾಯಿಂದ ಎಂದೂ ಬೀಳಲಿಲ್ಲ. ಈ ರಿಪೇರಿಯ ಸುದ್ದಿ ಕೇಳಿದಾಗಲೂ, "ಹೆಣಕ್ಕೆ ಪೌಡ್ರ್ ಹಚ್ಚುಕ್ ಹೊರ್ಟ್ಯಾ?" ಎಂದರು. ಸಿಟ್ಟು ನೆತ್ತಿಗೇರಿತು. ಬಹಳ ಕಾಲ ಇಬ್ಬರೂ ನೆಟ್ಟಗೆ ಮಾತಾಡಲಿಲ್ಲ. ಇನ್ನು ಮಾತಾಡೋಣ ಎನ್ನುವಷ್ಟರಲ್ಲಿ ಅವರಿಗೆ ಮರೆವು ಹತ್ತಿತು. ಮೊದಮೊದಲು ನಮ್ಮೂರು ಸಾಸ್ತಾನದಲ್ಲಿ ಬಸ್ಸಿಳಿಯಲು ಮರೆಯುತ್ತಿದ್ದವರು ಕೊನೆಗೆ ನನ್ನನ್ನೇ ಮರೆತರು.

ಹೋದ ವರ್ಷ ಬೈಂದೂರು ಕಡೆಯ ಮನೆಯಿಂದ ಹಲಸಿನ ಮರದ ಆರಾಮ ಕುರ್ಚಿಯೊಂದು ಅಂಗಡಿಗೆ ಬಂತು. ಒಂದು ಕಾಲನ್ನು ಒರಲೆ ತಿಂದಿತ್ತು. ಮಗುಚಿ ನೋಡಿದರೆ ಕೈಯಿಡುವ ಹಲಗೆಯ ಅಡಿಯಲ್ಲಿ ಅಂಗೈಯಗಲ ಜಾಗ ಕೀಸದೆ ಒರಟಾಗಿಯೇ ಇತ್ತು. ಏನೇ ಮಾಡಿದರೂ ಕಣ್ಣಿಗೆ ಕಾಣದ ಕಡೆ ಅಷ್ಟು ಜಾಗ ಹಾಗೆಯೇ ಬಿಡುವುದು ಅಪ್ಪಯ್ಯನ ಕ್ರಮ. ಮರಕ್ಕೆ ತಾನು ಮರ ಎಂಬುದು ಮರೆತುಹೋಗಬಾರದು ಎನ್ನುತ್ತಿದ್ದರು.

ಅವರಿಗೆ ಕುರ್ಚಿಯ ಗುರುತು ಹತ್ತಿದರೆ ನನ್ನ ಗುರುತೂ ಹತ್ತೀತು ಎಂಬ ಆಸೆ ನನಗೆ. ಬೇರೆ ಕೆಲಸವೆಲ್ಲ ಬದಿಗಿಟ್ಟೆ. ಹೊಸ ಕಾಲಿಗೂ ಹಳೆ ಹಲಸನ್ನೇ ಹುಡುಕಿ ತಂದೆ. ಬೆತ್ತ ಹೆಣೆಸಿದೆ. ಆ ಒರಟು ಜಾಗಕ್ಕೆ ಒಂದು ಹನಿ ಪಾಲಿಶ್ ತಾಗಲು ಬಿಡಲಿಲ್ಲ. ಕುರ್ಚಿಯನ್ನು ಸಾಗಿಸುವ ಮೊದಲು ಒಂದು ದಿನ ಮನೆಗೆ ಒಯ್ಯುತ್ತೇನೆಂದು ಅಂಗಡಿಯವರನ್ನು ಕಾಡಿ ಬೇಡಿ ಒಪ್ಪಿಸಿದೆ.

ಅಪ್ಪಯ್ಯನನ್ನು ಅದರಲ್ಲಿ ಕೂರಿಸಿದೆ. ಅವರ ಕೈ ತಾನಾಗಿ ಹಲಗೆಯ ಅಡಿಗೆ ಹೋಗಿ ಆ ಜಾಗದಲ್ಲಿ ನಿಂತಿತು.

"ಇದ್ ನಾ ಮಾಡದ್" ಎಂದರು.

ನಾನು ಅವರೆದುರು ಕುಕ್ಕುರುಗಾಲಲ್ಲಿ ಕೂತೆ. ಅವರು ಬಗ್ಗಿ ಹೊಸ ಕಾಲನ್ನು ಸವರಿದರು. ನಾನು ಕಾಲು ಕೂಡಿಸಿದ ಸಂದಿಗಾಗಿ ಉಗುರಿನಲ್ಲಿ ತಡಕಿದರು, ಸಿಗಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದರು.

"ಲಾಯ್ಕ್ ಮಾಡಿದ್ರಿ, ಆಚಾರ್ರೆ."

ಜನ್ಮವಿಡೀ ಕಾದ ಮಾತು. ಅದು ಬಂದದ್ದು ಯಾರೋ ಪರವೂರ ಆಚಾರಿಗೆ.

"ನಂಗೂ ಒಬ್ಬ ಮಗ ಇದ್ದ" ಎಂದರು, ಕಾಲನ್ನು ಇನ್ನೂ ಸವರುತ್ತಾ. "ಅವ್ನತ್ರ ಈ ಕೆಲ್ಸ ಆಪ್ದಲ್ಲ."