ಗಾಡಿ ಹತ್ರ ಯಾರಾದ್ರೂ ಇರ್ಬೇಕು

ಶಿವಯೋಗಿ ಗಂಗಾಶ್ರೀಯನ್ನು ಮೊದಲು ಕಂಡದ್ದು ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ, ಬೇರೆ ಯಾರಿಗೋ ಹೆಣ್ಣು ನೋಡಲು ಹೋದ ದಿನ. ಅವನು ಹೋದದ್ದು ವರನಾಗಿ ಅಲ್ಲ, ವರನ ಕಡೆಯವರನ್ನು ಕೂರಿಸಿಕೊಂಡು ಹೋದ ಡ್ರೈವರ್ ಆಗಿ. ಶಿಕಾರಿಪುರದ ಕಿರಾಣಿ ಅಂಗಡಿಯವರ ಮನೆಮಂದಿ ಕ್ರೂಸರ್ ತುಂಬ ಇಕ್ಕಟ್ಟಾಗಿ ಕೂತು ಬಂದಿದ್ದರು. ಅವರೆಲ್ಲ ಸೀರೆ, ಪಂಚೆ ಸರಿಮಾಡಿಕೊಂಡು ಒಳಗೆ ಹೋದ ಮೇಲೆ ಶಿವಯೋಗಿ ಗಾಡಿಯನ್ನು ಹುಣಸೆ ಮರದ ನೆರಳಿಗೆ ತಿರುಗಿಸಿ ನಿಲ್ಲಿಸಿದ. ಮುಂದಿನ ಗಾಜು ಒರೆಸಿದ. ಆಮೇಲೆ ಸೀಟಿನ ಮೇಲೆ ಅಡ್ಡವಾಗಿ, ಕಾಲು ಬಾಗಿಲಿನಿಂದ ಹೊರಗೆ ಚಾಚಿ, ಕಣ್ಣು ಮುಚ್ಚಿದ. ಹಿಂದಿನ ರಾತ್ರಿಯಷ್ಟೇ ಒಂದು ಬಾಡಿಗೆ ಮುಗಿಸಿ ಬಂದಿದ್ದ.

ಬಾಗಿಲ ತಗಡಿನ ಮೇಲೆ ಯಾರೋ ಟಕಟಕ ಬಡಿದರು. ಎದ್ದು ನೋಡಿದರೆ ಹಸಿರು ಅಂಚಿನ ಸೀರೆ ಉಟ್ಟ, ಕನಕಾಂಬರ ಮುಡಿದ ಹುಡುಗಿ. ಒಂದು ಕೈಯಲ್ಲಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ, ಇನ್ನೊಂದರಲ್ಲಿ ಕಾಫಿ ಲೋಟ. ಅದು ಬಿಸಿಯಾಗಿದ್ದರಿಂದ ಸೆರಗಿನ ತುದಿಯಲ್ಲಿ ಹಿಡಿದಿದ್ದಳು.

"ಎಲ್ಲರಿಗೂ ಕೊಟ್ಟಾಯ್ತು. ನಿಮ್ಮನ್ನ ಮರ್ತೇಬಿಟ್ಟಿದ್ರು ನೋಡಿ," ಎಂದಳು.

ಮನೆಯ ಯಾರೋ ಹುಡುಗಿ ಇರಬೇಕೆಂದುಕೊಂಡು ಅವನು ತಟ್ಟೆ, ಲೋಟ ತೆಗೆದುಕೊಂಡ. ಅವಳು ಹೋಗಲಿಲ್ಲ. ಕನ್ನಡಿಗೆ ನೇತುಹಾಕಿದ್ದ ಕಪ್ಪೆಚಿಪ್ಪಿನ ಸರವನ್ನೇ ನೋಡುತ್ತ ನಿಂತಳು. ಬಾಡಿಗೆಗೆ ಬಂದಿದ್ದ ಯಾವುದೋ ಪಾರ್ಟಿಯವರು ಬಿಟ್ಟುಹೋಗಿದ್ದ ಸರ ಅದು.

"ಸಮುದ್ರಕ್ಕೆ ಹೋಗಿದೀರಾ?"

"ತಿಂಗಳಿಗೊಂದು ಸಲ ಹೋಗ್ತಿರ್ತೀನಿ."

"ಹೆಂಗಿರುತ್ತೆ?"

ಎಲ್ಲಿ ನೆರಳು ಸಿಗುತ್ತದೆ, ಎಳನೀರಿನವನು ಎಲ್ಲಿ ಕೂರುತ್ತಾನೆ, ಮರಳಿನಲ್ಲಿ ಚಕ್ರ ಹೂತುಕೊಳ್ಳುವ ಜಾಗ ಯಾವುದು, ಅದೆಲ್ಲ ಶಿವಯೋಗಿಗೆ ಗೊತ್ತಿತ್ತು. "ಪಾರ್ಕಿಂಗ್ ಚೆನ್ನಾಗೈತಿ," ಎಂದ.

ಅವಳು ನಕ್ಕ ನಗೆ ನಡುಮನೆಯವರೆಗೂ ಕೇಳಿಸಿರಬೇಕು. ಒಳಗಿನಿಂದ ಯಾರೋ "ಏ ಗಂಗಾ!" ಎಂದು ಗದರಿದರು. ಇವಳೇ ಹೆಣ್ಣು ಎಂದು ಆಗ ತಿಳಿದು, ಅವನು ತಟ್ಟೆ ಹಿಡಿದುಕೊಂಡೇ ಗಾಡಿಯಿಂದ ಇಳಿದು ನಿಂತ.

"ಅಲ್ಲಿವರೆಗೂ ಹೋಗಿ ನೋಡ್ದೇ ಬರ್ತೀರಾ?"

"ಗಾಡಿ ಹತ್ರ ಯಾರಾದ್ರೂ ಇರ್ಬೇಕಲ್ರಿ."

"ಹಂಗಾದ್ರೆ ಮುಂದಿನ ಸಲ ನೋಡ್ಕೊಂಡು ಬಂದು ಹೇಳಿ," ಎಂದು ಖಾಲಿ ಲೋಟ ತೆಗೆದುಕೊಂಡು ಹೋದಳು.

ವಾಪಸು ಬರುವ ದಾರಿಯುದ್ದಕ್ಕೂ ಹಿಂದಿನ ಸೀಟಿನವರು ಹುಡುಗಿಯ ನಗು ಜೋರಾಯಿತು ಎಂದು ಮಾತಾಡಿಕೊಂಡರು. ಆ ಸಂಬಂಧ ಕೂಡಲಿಲ್ಲ. ಕೆಲವು ತಿಂಗಳಾದ ಮೇಲೆ ಶಿವಯೋಗಿಯ ತಾಯಿ ವೀರಮ್ಮ ತಮ್ಮ ಮಗನಿಗೆಂದು ಅದೇ ಮನೆಗೆ ಹೇಳಿಕಳಿಸಿದರು. ಒಂದೇ ಕುಲ, ಒಂದೇ ಮಠದ ಒಕ್ಕಲು. ಮಾತು ಬೇಗ ಮುಗಿಯಿತು. ಮದುವೆಯಾಯಿತು, ಮಗಳು ಮೇಘನಾ ಹುಟ್ಟಿದಳು, ಮಾಲೀಕರ ಗಾಡಿ ಬಿಟ್ಟು ಶಿವಯೋಗಿ ತನ್ನದೇ ಒಂದು ಹಳೆಯ ಕ್ರೂಸರ್ ಮಾಡಿಕೊಂಡ. ಕುಬಟೂರಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ.

ಊರಿನವರಿಗೆಲ್ಲ ತಿರುಗಾಟದ ಕಾಲ ಚಳಿಗಾಲ. ಭತ್ತ, ಜೋಳ ಮನೆಗೆ ಬಂದಿರುತ್ತದೆ, ಶಾಲೆಗಳು ಪ್ರವಾಸ ಹೊರಡಿಸುತ್ತವೆ, ಮಾಲೆ ಹಾಕಿದವರು ಶಬರಿಮಲೆಗೆ ಹೊರಟು ನಿಲ್ಲುತ್ತಾರೆ. ಡ್ರೈವರನ ಮನೆಯವರಿಗೆ ಅದೇ ಕಾಲ ಮನೆಯಲ್ಲೇ ಕೂರುವ ಕಾಲ. ಡಿಸೆಂಬರ್ ಬಂತೆಂದರೆ ಶಿವಯೋಗಿ ಬಟ್ಟೆ ಬದಲಿಸುವುದಕ್ಕಷ್ಟೇ ಮನೆಗೆ ಬರುತ್ತಿದ್ದ. "ಈ ಸೀಸನ್ ಮುಗೀಲಿ, ಹೋಗಾಣ," ಎನ್ನುತ್ತಿದ್ದ. ಸೀಸನ್ ಮುಗಿಯುವ ಹೊತ್ತಿಗೆ ಮೇಘನಾಳ ಪರೀಕ್ಷೆ ಬರುತ್ತಿತ್ತು.

ಈ ಸಲ ಡಿಸೆಂಬರ್ ಕೊನೆಯ ಬಾಡಿಗೆಯೊಂದು ತಪ್ಪಿತು. ಪಾರ್ಟಿಯವರ ಮನೆಯಲ್ಲಿ ಸೂತಕ ಬಂದಿತ್ತು. ಶಿವಯೋಗಿಗೆ ಮೊದಲು ನೆನಪಾದದ್ದು ಹಾಸಿಗೆ. ಹೊದ್ದುಕೊಂಡು, ಫೋನು ಆರಿಸಿ, ಸೊಂಟ ನೆಲಕ್ಕೆ ತಾಗುವಂತೆ ಮಲಗಬೇಕು. ಮನೆಗೆ ಬಂದು ಬಾಯಿತಪ್ಪಿ ಹೇಳಿಬಿಟ್ಟ.

"ಹಂಗಾರೆ ಹೋಗಾಣ," ಎಂದಳು ಗಂಗಾಶ್ರೀ. "ಬರೋ ವರ್ಷ ಮೇಘನಾಂದು ಎಸ್ಸೆಸ್ಸೆಲ್ಸಿ. ಆಮೇಲೆ ಯಾವತ್ತೂ ಇಲ್ಲ."

ಆ ಸಂಜೆ ನಡುಮನೆಯಲ್ಲಿ ಅವರೆಕಾಯಿಯ ರಾಶಿ ಸುತ್ತ ಎಲ್ಲರೂ ಕೂತರು. ಶಿವಯೋಗಿಯ ತಮ್ಮ ಗುರುಪ್ರಕಾಶ್ ಗೊಬ್ಬರದ ಅಂಗಡಿ ಮುಚ್ಚಿ ಬಂದಿದ್ದ. ಎಲ್ಲಿಗೆ ಹೋಗುವುದೆಂಬ ಮಾತು ಕಾಯಿಗಿಂತ ನಿಧಾನ ಬಿಡಿಸಿಕೊಳ್ಳುತ್ತಿತ್ತು.

"ಉಳವಿಗೆ ಹೋಗಾಣ," ಎಂದರು ವೀರಮ್ಮ. "ಚನ್ನಬಸವಣ್ಣನ ಕಂಡು ಬಂದ್ರೆ ನನ್ನ ಕಣ್ಣು ತಂಪಾಗ್ತವೆ."

"ಭಾಳ ತಿರುವು ಅವ್ವ. ನಿನಗೆ ವಾಂತಿ ಆಗ್ತತಿ," ಎಂದ ಶಿವಯೋಗಿ, ಗೋಡೆಗೆ ಒರಗಿದ ತಲೆ ಎತ್ತದೆ.

"ಸಂಜೆಗೆ ವಾಪಸ್ ಬರಂಗಿರ್ಬೇಕು ಅಣ್ಣ, ನನಗೆ ಅಂಗಡಿ ಐತಿ," ಎಂದ ಗುರುಪ್ರಕಾಶ್. "ಗುಡವಿ ಹತ್ರ. ಹಕ್ಕಿ ನೋಡಿ ಬರಾಣ."

"ಹಕ್ಕಿ ಮಳೆಗಾಲದಾಗೆ ಬಂದು ಮರಿ ಮಾಡ್ಕ್ಯಂಡು ಹೋದ್ವು. ಈಗ ಕೊಂಬೆ ನೋಡಬೇಕು," ಎಂದ ಶಿವಯೋಗಿ.

"ಜೋಗ?"

"ನೀರಿಲ್ಲ. ಬಂಡೆ ನೋಡಬೇಕು."

"ನೀರೇ ನೋಡಬೇಕಾದ್ರೆ ಅಂಬ್ಲಿಗೊಳ ಡ್ಯಾಮ್ ಇಲ್ಲೇ ಐತಲ್ಲ," ಎಂದರು ವೀರಮ್ಮ. "ಬುತ್ತಿ ಕಟ್ಕೊಂಡ್ರೆ ಆತು."

ಮೇಘನಾ ಹಣೆ ಚಚ್ಚಿಕೊಂಡಳು. "ಅಜ್ಜಿ, ಅಲ್ಲಿ ಫೋಟೋ ತೆಗೆದು ಹಾಕಿದ್ರೆ ನಮ್ಮ ಕ್ಲಾಸಿನೋರು ಗದ್ದೆಗೆ ನೀರು ಬಿಡಕ್ಕೆ ಹೋಗಿದ್ಯೇನೇ ಅಂತಾರೆ!"

ಗುರುಪ್ರಕಾಶ್ ನಕ್ಕು ಸಿಪ್ಪೆಯೊಂದನ್ನು ಅವಳ ಮೇಲೆ ಎಸೆದ. ಗಂಗಾಶ್ರೀ ತನ್ನ ಪಾಡಿಗೆ ಕಾಳು ಬಿಡಿಸುತ್ತಿದ್ದಳು. ಶಿವಯೋಗಿಗೆ ಯಾವ ಊರಿನ ಹೆಸರು ಕೇಳಿದರೂ ಕಣ್ಣ ಮುಂದೆ ರಸ್ತೆಯೇ ಬರುತ್ತಿತ್ತು. ಅದರ ಉಬ್ಬು, ಅದರ ತಗ್ಗು, ಎದುರು ಗಾಡಿಯ ಬೆಳಕು. ಊರು ಬರುತ್ತಿರಲಿಲ್ಲ.

"ಲೇ ಶಿವ್ಯಾ, ನೀನೇ ಒಂದು ಹೇಳಪ್ಪ," ಎಂದರು ವೀರಮ್ಮ ಕೊನೆಗೆ. "ಎಲ್ಲಾ ಕಡೆ ತಿರುಗಿದೋನು. ಎಲ್ಲಿ ಚೆನ್ನಾಗೈತಿ?"

"ಎಲ್ಲಾ ಕಡೆ ಚೆನ್ನಾಗೇ ಐತಿ ತಗಾ."

"ಎಲ್ಲಾ ಕಡೆ ಪಾರ್ಕಿಂಗ್ ಚೆನ್ನಾಗಿದೆ ಅನ್ರಿ," ಎಂದಳು ಗಂಗಾಶ್ರೀ, ತಲೆ ಬಗ್ಗಿಸಿಕೊಂಡೇ.

ಉಳಿದವರಿಗೆ ಅರ್ಥವಾಗಲಿಲ್ಲ. ಶಿವಯೋಗಿ ಮಾತ್ರ ಎದ್ದು ಕೂತ. "ಮುರ್ಡೇಶ್ವರಕ್ಕೆ ಹೋಗಾಣ," ಎಂದ. ವೀರಮ್ಮನಿಗೆ ಶಿವ ಸಿಕ್ಕ, ಮೇಘನಾಳಿಗೆ ಫೋಟೋ ಸಿಕ್ಕಿತು, ಗುರುಪ್ರಕಾಶ್ ಒಂದು ದಿನ ಅಂಗಡಿ ಮುಚ್ಚಲು ಒಪ್ಪಿದ. ಗಂಗಾಶ್ರೀ ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದುಕೊಂಡು ಅಡುಗೆಮನೆಗೆ ಹೋದಳು.

ಬೆಳಿಗ್ಗೆ ವೀರಮ್ಮ ಲಿಂಗಪೂಜೆ ಮುಗಿಸಿದ ಮೇಲೆ ಎಲ್ಲರೂ ಹೊರಟರು. ಸೊರಬ ದಾಟುವಾಗ ಇನ್ನೂ ಮಂಜಿತ್ತು. ಸಿದ್ದಾಪುರದ ಹತ್ತಿರ ಶಿವಯೋಗಿ ಯಾವಾಗಲೂ ಪಾರ್ಟಿಗಳನ್ನು ನಿಲ್ಲಿಸುವ ಹೋಟೆಲಿನಲ್ಲೇ ಗಾಡಿ ನಿಂತಿತು. ಪಾರ್ಟಿ ಕರೆತಂದ ಡ್ರೈವರಿಗೆ ಅಲ್ಲಿ ಅಡುಗೆಮನೆ ಪಕ್ಕದ ಮೇಜಿನಲ್ಲಿ ಬೇರೆ ತಟ್ಟೆ, ಅದು ಪುಕ್ಕಟೆ. ಕೈತೊಳೆದ ಶಿವಯೋಗಿಯ ಕಾಲು ತಾನಾಗಿಯೇ ಅತ್ತ ಹೋಯಿತು. ಮಾಲೀಕ "ಬರ್ರಿ ಬರ್ರಿ" ಎಂದ. ಅವನು ಕೂತು ತಿಂದ.

"ಅಪ್ಪಾಜಿ ಎಲ್ಲಿ?" ಎಂದು ಮೇಘನಾ ಕೇಳುವುದು ಅವನಿಗೆ ಕೇಳಿಸಿತು.

"ಡ್ರೈವರ್ ತಿಂಡಿ ತಿಂತಿದಾರೆ," ಎಂದಳು ಗಂಗಾಶ್ರೀ.

ತಿಂಡಿ ಅರ್ಧ ಆಗಿತ್ತು. ಎದ್ದು ಹೋಗಲು ನಾಚಿಕೆಯಾಗಿ ಅಲ್ಲೇ ಮುಗಿಸಿದ.

ಘಟ್ಟ ಇಳಿಯುವಾಗ ಹಿಂದೆ ಎಲ್ಲರೂ ನಿದ್ದೆ. ಅವನ ಕಣ್ಣೂ ಎಳೆಯುತ್ತಿತ್ತು. ಮುಖಕ್ಕೆ ನೀರು ಹಾಕಿಕೊಂಡು ಓಡಿಸಿದ. ಮುರ್ಡೇಶ್ವರ ಸೇರಿ, ನೆರಳು ಹುಡುಕಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಬಾಯಿಪಾಠದ ಮಾತು ಶುರುಮಾಡಿದ. "ಚಪ್ಪಲಿ ಇಲ್ಲೇ ಬಿಡ್ರಿ. ನೀರಾಗೆ ಭಾಳ ಮುಂದೆ ಹೋಗಬೇಡ್ರಿ. ವಯಸ್ಸಾದೋರ ಕೈ ಹಿಡ್ಕೊಳ್ರಿ. ಎಲ್ಲಾ ಮುಗಿಸ್ಕೊಂಡು ಒಂದು ಫೋನ್ ಮಾಡ್ರಿ, ಗೇಟಿನ ಹತ್ರ ಬರ್ತೀನಿ."

ಮೇಘನಾ ಅಮ್ಮನ ಮುಖ ನೋಡಿದಳು. ವೀರಮ್ಮ "ಏನ್ಲಾ ಇದು, ನನಗೇ ಬಿಡ್ರಿ ಮಾಡ್ರಿ ಅಂತೀಯಲ್ಲ," ಎಂದರು. ಗುರುಪ್ರಕಾಶ್ ಕೈಮುಗಿದು, "ಆತು ಡ್ರೈವರ್ರೇ," ಎಂದು ನಕ್ಕ. ಎಲ್ಲರೂ ಹೋದರು. ತಾನು ಹೇಳಿದ್ದೇನೆಂದು ಶಿವಯೋಗಿಗೆ ಹೊಳೆಯುವಷ್ಟರಲ್ಲಿ ಅವನು ಸೀಟಿನ ಮೇಲೆ ಅಡ್ಡವಾಗಿದ್ದ. ಎದ್ದು ಹೋಗಬೇಕೆಂದುಕೊಂಡ. ಎದ್ದೆ ಎಂದೇ ಅಂದುಕೊಂಡು ನಿದ್ದೆಹೋದ.

ಬಾಗಿಲ ತಗಡಿನ ಮೇಲೆ ಟಕಟಕ ಸದ್ದು. ಗಂಗಾಶ್ರೀ ಒಬ್ಬಳೇ ನಿಂತಿದ್ದಳು. ಸೀರೆಯ ಅಂಚು ಒದ್ದೆಯಾಗಿರಲಿಲ್ಲ.

"ನೋಡಿದ್ಯಾ?" ಎಂದ, ಕಣ್ಣುಜ್ಜಿಕೊಳ್ಳುತ್ತ.

"ಇಲ್ಲ. ಅತ್ತೆ, ಮೇಘನಾ ಎಲ್ಲ ಆ ಕಡೆ ಹೋದ್ರು. ನಾನು ದೇವಸ್ಥಾನದ ಗೋಡೆ ಮರೇಲೇ ನಿಂತಿದ್ದೆ."

"ಅಲ್ಲಾ, ಇಷ್ಟು ದೂರ ಬಂದು..."

"ನೀವು ನೋಡ್ಕೊಂಡು ಬಂದು ಹೇಳ್ತೀರಿ ಅಂತಲ್ವಾ ಮಾತಿದ್ದಿದ್ದು."

"ಗಾಡಿ ಹತ್ರ ಯಾರಾದ್ರೂ..."

"ನಾನಿರ್ತೀನಿ. ಇಳೀರಿ."

ಅವನು ಇಳಿದ. ಅವಳು ಸೀರೆ ಎತ್ತಿಕೊಂಡು ಡ್ರೈವರ್ ಸೀಟಿಗೆ ಹತ್ತಿ ಕೂತಳು. ಕೋಪವೋ ತಮಾಷೆಯೋ ಮುಖದಲ್ಲಿ ತಿಳಿಯಲಿಲ್ಲ. ಶಿವಯೋಗಿ ಮುಂದೆ ನಡೆದ. ಗಾಡಿಗಳ ಸಾಲಿನ ಕೊನೆಯಲ್ಲಿ ತಿರುಗಿ ನೋಡಿದ. ಗಾಜಿನ ಹಿಂದೆ ಅವಳು ತಲೆ ಒರಗಿಸಿ, ಕಣ್ಣು ಮುಚ್ಚಿ, ಕೈ ಸ್ಟೇರಿಂಗಿನ ಮೇಲಿಟ್ಟು ಕೂತಿದ್ದಳು. ಅವಳೂ ದಣಿದಿದ್ದಾಳೆಂದು ಅವನಿಗೆ ಅಲ್ಲಿಂದ ಕಂಡಿತು. ನಸುಕಿಗೇ ಎದ್ದು ಎಲ್ಲರ ಮಧ್ಯಾಹ್ನದ ಬುತ್ತಿ ಕಟ್ಟಿದ್ದಳು. ಇಷ್ಟು ವರ್ಷ ಚಳಿಗಾಲವೆಲ್ಲ ಅವನಿಗಾಗಿ ಬಾಗಿಲು ತೆಗೆಯಲು ಎಚ್ಚರವಿದ್ದವಳೂ ಅವಳೇ.

ಅವನು ವಾಪಸು ಬಂದ. ಗಾಜುಗಳನ್ನು ಒಂದೊಂದಾಗಿ ಏರಿಸಿದ. "ಇಳಿ, ಲಾಕ್ ಹಾಕ್ತೀನಿ," ಎಂದ.

"ಯಾರಾದ್ರೂ ಇರ್ಬೇಕಲ್ರಿ?"

"ಹೋದ್ರೆ ಹೋಗ್ಲಿ ಮಾರಾಯ್ತಿ, ಬಾ."

ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದರು. ನೀರು ಬಂದು ಕಾಲು ಮುಟ್ಟಿ, ಅಡಿಯ ಮರಳನ್ನು ಎಳೆದುಕೊಂಡು ಹೋಯಿತು. ಗಂಗಾಶ್ರೀ ಕಿರುಚಿ ಅವನ ತೋಳು ಹಿಡಿದು ನಕ್ಕಳು. ಅದೇ ಹಳೆಯ ನಗೆ, ಈಗ ಗದರುವವರಿರಲಿಲ್ಲ.

"ಈಗ ಹೇಳಿ, ಹೆಂಗಿದೆ?"

ಶಿವಯೋಗಿ ಬಹಳ ಹೊತ್ತು ನೋಡಿದ. "ರಸ್ತೆ ಇಲ್ಲ," ಎಂದ.

ಆಮೇಲೆ ಅವನಿಗೆ ನಿದ್ದೆ ತಡೆಯಲಾಗಲಿಲ್ಲ. ಒಣಗಿದ ಮರಳಿಗೆ ಬಂದು ಕೂತ, ಕೂತಲ್ಲೇ ತೂಕಡಿಸಿದ. ಮೇಘನಾ ಫೋಟೋಗೆ ಎಬ್ಬಿಸಲು ಬಂದಾಗ ಗಂಗಾಶ್ರೀ ಕೈಸನ್ನೆಯಿಂದಲೇ ಬೇಡವೆಂದಳು. ಹಾಗಾಗಿ ಆ ದಿನದ ಫೋಟೋಗಳಲ್ಲಿ ಎಲ್ಲರೂ ನಗುತ್ತಿದ್ದಾರೆ, ಶಿವಯೋಗಿ ಮಾತ್ರ ಹೆಂಡತಿಯ ಭುಜಕ್ಕೆ ತಲೆಕೊಟ್ಟು ಬಾಯಿ ತೆರೆದು ಮಲಗಿದ್ದಾನೆ. ಸಂಜೆ ಅವನೇ ಮತ್ತೆ ಘಟ್ಟ ಹತ್ತಿಸಿದ.

ಶಿವಯೋಗಿ ಈಗಲೂ ಅದೇ ಕ್ರೂಸರ್ ಓಡಿಸುತ್ತಾನೆ. ಆದರೆ ಆ ದಿನದ ಮೇಲೆ ರಾತ್ರಿ ಹೊರಗೆ ಉಳಿಯುವ ಬಾಡಿಗೆ ಹಿಡಿದಿಲ್ಲ. ಶಿಕಾರಿಪುರ, ಸೊರಬದ ಸುತ್ತಲಿನವರನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆಗೆ ಮನೆ ಮುಟ್ಟಿಸುತ್ತಾನೆ.